ಡಿಕ್ಕಿಯೊಳಗಿನ ಬೆಂಡಿಕಾಯಿ

“ಏನ್ ತಿಂದೀರಿ?” ಎಂದು ಡಾಕ್ಟರು ಕೇಳಿದರು.

“ಬೆಂಡಿಕಾಯಿ,” ಎಂದೆ.

ಡಾಕ್ಟರು ನನ್ನ ಮುಖ ನೋಡಿದರು. ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಕಿವಿ, ಕುತ್ತಿಗೆ, ಎದೆ ಎಲ್ಲ ಕೆಂಪು. ಮೈತುಂಬ ತುರಿಕೆ. ತಲೆಯೊಳಗೆ ಯಾರೋ ಖಾರ ಕುಟ್ಟುತ್ತಿದ್ದರು.

“ಬೆಂಡಿಕಾಯಿಗೆ ಹಿಂಗ ಆಗಂಗಿಲ್ಲರಿ. ಖರೇ ಹೇಳ್ರಿ.”

ಖರೇ ಹೇಳಲು ನನ್ನದೇನೂ ತಕರಾರಿರಲಿಲ್ಲ. ಆದರೆ ಪಕ್ಕದಲ್ಲೇ ನಮ್ಮ ಮನೆ ಮಾಲೀಕ ಚನ್ನಬಸಪ್ಪ ಕಾಕಾ ನಿಂತಿದ್ದರು. ನನ್ನನ್ನು ಕಾರಿಗೆ ಹಾಕಿಕೊಂಡು ದವಾಖಾನೆಗೆ ತಂದವರೇ ಅವರು. ನಲವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿ, ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಈಗ ಪೂಜೆ, ಪೇಪರು, ಚಹಾ ಎಂದು ಆರಾಮಾಗಿದ್ದಾರೆ. ಮೊಮ್ಮಗಳ ಬರ್ತ್‌ಡೇ ಕೇಕನ್ನೂ, “ಇದಕ್ಕ ತತ್ತಿ ಹಾಕ್ಯಾರೇನು?” ಎಂದು ಮೂರು ಸಲ ಕೇಳಿ ಆಮೇಲೆ ತಿನ್ನದೇ ಬಿಡುವ ಮನುಷ್ಯ.

ಗೋಪನಕೊಪ್ಪದಲ್ಲಿ ಅವರ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. “ಕಾಯಿಪಲ್ಲೆ ತಿನ್ನೋರೇನ್ರಿ ಮಾಸ್ತರ?”

“ಹೌದ್ರಿ,” ಎಂದಿದ್ದೆ. ಸುಳ್ಳಲ್ಲ. ನಾವು ಕಾಯಿಪಲ್ಲೆಯನ್ನೂ ತಿನ್ನುತ್ತೇವೆ. (ಆ ‘ನೂ’ ಒಂದನ್ನು ನುಂಗಿಕೊಂಡಿದ್ದೆ, ಅಷ್ಟೆ.)

ನನ್ನ ಹೆಂಡತಿ ಸುಮಾ ಕಾರವಾರದವಳು. ವಾರಕ್ಕೊಮ್ಮೆ ಮೀನು ಕಾಣದಿದ್ದರೆ ಅವಳಿಗೆ ಪಾತ್ರೆಗಳ ಮೇಲೆ ಸಿಟ್ಟು ಬರುತ್ತದೆ. ಹಾಗಾಗಿ ಈ ಎರಡು ವರ್ಷ ನಮ್ಮ ಮನೆಯಲ್ಲಿ ಒಂದು ಗುಪ್ತ ಭಾಷೆ ಚಾಲ್ತಿಯಲ್ಲಿತ್ತು. ಬಂಗಡೆ ಮೀನೆಂದರೆ ಬೆಂಡಿಕಾಯಿ. ಸುರಮೈ ಎಂದರೆ ಪಡವಲಕಾಯಿ. ಸಿಗಡಿ ಎಂದರೆ ಶೇಂಗಾ. ತರುವವಳು ಅವಳೇ. ಸ್ಕೂಟಿಯಿಂದ ಇಳಿದವಳೇ, ಮೇಲೊಂದು ಕಟ್ಟು ಮೆಂತ್ಯಸೊಪ್ಪು ಇಣುಕುವ ಚೀಲ ಹಿಡಿದು ಎರಡೇ ನಿಮಿಷದಲ್ಲಿ ಮೆಟ್ಟಿಲು ಹತ್ತಿಬಿಡುತ್ತಿದ್ದಳು. ಹೆಣ್ಣುಮಕ್ಕಳ ಚೀಲದಲ್ಲಿ ಇಣುಕುವಷ್ಟು ಹಗುರ ಮನುಷ್ಯರಲ್ಲ ಕಾಕಾ.

ಹೋದ ತಿಂಗಳು ಸುಮಾ ವಾರದ ಮಟ್ಟಿಗೆ ತವರಿಗೆ ಹೋದಳು. ಭಾನುವಾರ ಬಂತು. ನನಗೆ ಪೌರುಷ ಬಂತು. ನಾನೇ ಬಂಗಡೆ ತಂದು, ನಾನೇ ಫ್ರೈ ಮಾಡಿ, ಫೋಟೊ ತೆಗೆದು ಅವಳಿಗೆ ಕಳಿಸಬೇಕು!

ಗೋಕುಲ ರಸ್ತೆಯ ಬದಿಯಲ್ಲಿ ಥರ್ಮಾಕೋಲ್ ಪೆಟ್ಟಿಗೆ ಇಟ್ಟುಕೊಂಡು ಕೂರುವ ಕಮಲವ್ವ ನಮ್ಮ ಖಾಯಂ ಮೀನಿನಾಕೆ. ಹೋಗಿ ಠೀವಿಯಿಂದ ಕೇಳಿದೆ.

“ಇವತ್ತಿಂದೇನವ್ವಾ?”

“ನನಗ ಬಂದಿದ್ದು ಇವತ್ತು ಮುಂಜಾನಿ ಐದಕ್ಕರಿ. ಸಮುದ್ರದಾಗಿಂದ ಬಂದಿದ್ದು ಯಾವತ್ತು ಅಂತ ಆ ಸಮುದ್ರಕ್ಕ ಗೊತ್ತು.”

ನೋಡಿ, ಎಂಥ ಪ್ರಾಮಾಣಿಕ ಉತ್ತರ! ದೋಣಿಯವನಿಗೆ ದಂಡೆಗೆ ಬಂದ ದಿನವೇ ‘ಇವತ್ತು’. ಲಾರಿಯವನಿಗೆ ತುಂಬಿಕೊಂಡ ದಿನ ‘ಇವತ್ತು’. ಮಾರುವವರಿಗೆ ಪೆಟ್ಟಿಗೆ ತೆರೆದ ದಿನ ‘ಇವತ್ತು’. ಮೀನು ಮಾತ್ರ ಒಂದೇ, ಇವತ್ತುಗಳು ಮೂರು. ಇಷ್ಟನ್ನು ಬಾಯಿಬಿಟ್ಟು ಹೇಳುವ ಹೆಂಗಸನ್ನು ನಾನು ನಂಬಬೇಕಿತ್ತು.

ಕಮಲವ್ವ ಮೀನು ಸ್ವಚ್ಛ ಮಾಡಿ, ಚೀಲಕ್ಕೆ ಎರಡು ಮುಷ್ಟಿ ಐಸ್ ಸುರಿಯಲು ಹೋದಳು.

“ಬರ್ಫ ಬ್ಯಾಡವ್ವಾ!” ಎಂದು ಚೀರಿದೆ.

ಯಾಕೆಂದರೆ ಐಸ್ ಕರಗಿದರೆ ನನ್ನ ಸ್ಕೂಟರಿನ ಡಿಕ್ಕಿಯಿಂದ ನೀರು ಸೋರುತ್ತದೆ. ಸೋರಿದರೆ ಕಾಕಾನ ಅಂಗಳದ ರಂಗೋಲಿಯ ಮೇಲೆ ಬೀಳುತ್ತದೆ. ಬಿದ್ದರೆ ನನ್ನ ‘ನೂ’ ಹೊರಗೆ ಬರುತ್ತದೆ.

“ಬಿಸಲ ಭಾಳ ಐತ್ರಿ ಸಾಹೇಬ್ರ. ಹಂಗಾರ ಎಲ್ಲೂ ನಿಲ್ಲಬ್ಯಾಡ್ರಿ. ಸೀದಾ ಮನಿಗೆ ಹೋಗ್ರಿ,” ಎಂದಳು.

ಸೀದಾ ಮನೆಗೇ ಹೋದೆ. ಮೇಲಕ್ಕೆ ಹೋಗಲಿಲ್ಲ, ಅಷ್ಟೆ. ಗೇಟು ತೆರೆಯುವಷ್ಟರಲ್ಲಿ ಪಡಸಾಲೆಯಿಂದ ಕಾಕಾನ ದನಿ ಕೇಳಿತು. “ಬರ್ರಿ ಮಾಸ್ತರ! ಒಬ್ಬರs ಅದೀರಿ. ಚಾ ಕುಡೀರಿ ಬರ್ರಿ.”

ಧಾರವಾಡ ಸೀಮೆಯಲ್ಲಿ ಹಿರಿಯರು ಚಹಾಕ್ಕೆ ಕರೆದರೆ ಒಲ್ಲೆನೆನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಮೀನನ್ನು ಡಿಕ್ಕಿಯಿಂದ ತೆಗೆಯುವಂತೆಯೂ ಇಲ್ಲ. ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿ ಹೋಗಿ ಕೂತೆ. ಚಹಾ ಆಯಿತು. ಅವಲಕ್ಕಿ ಬಂತು. ಬೈಪಾಸಿನ ಕೆಲಸ, ಹಳಿಯಾಳದ ಬೀಗರು, ಮೊಣಕಾಲಿನ ನೋವು, ಎಲ್ಲದರ ಮೇಲೂ ಚರ್ಚೆಯಾಯಿತು. ಮತ್ತೊಮ್ಮೆ ಚಹಾ ಬಂತು. ಹನ್ನೊಂದಕ್ಕೆ ಕೂತವನು ಎದ್ದಾಗ ಒಂದು ಗಂಟೆ. ಹೊರಗೆ ಏಪ್ರಿಲ್ ಬಿಸಿಲು, ಸ್ಕೂಟರ್ ಸೀಟಿನ ಮೇಲೆ ರೊಟ್ಟಿ ಬೇಯಿಸಬಹುದಿತ್ತು.

ಕಾಕಾ ಊಟಕ್ಕೆ ಎದ್ದದ್ದೇ ತಡ, ನಾನು ಮೀನು ಎತ್ತಿಕೊಂಡು ಮೇಲಕ್ಕೆ ಓಡಿದೆ. ಸ್ವಲ್ಪ ಮೆತ್ತಗಾಗಿತ್ತು. ‘ಚೆನ್ನಾಗಿ ಹುರಿದರೆ ಎಲ್ಲ ಸರಿಹೋಗುತ್ತದೆ’ ಎಂದುಕೊಂಡೆ. ಹುರಿದೆ. ಫೋಟೊ ತೆಗೆದೆ. ನಾಲ್ಕು ತಿಂದೆ. ಅರ್ಧ ತಾಸಿಗೆ ಮುಖ ಉರಿಯಲು ಶುರುವಾಯಿತು. ಗಾಬರಿಯಾಗಿ ಗೋಡೆ ಹಿಡಿದು ಕೆಳಗಿಳಿದವನನ್ನು ನೋಡಿ ಕಾಕಾ, “ಯವ್ವಾ! ಬಿಪಿ ಏರೈತಿ!” ಎನ್ನುತ್ತ ಕಾರಿನ ಚಾವಿ ಹುಡುಕಿದರು.

ಈಗ ಮತ್ತೆ ಡಾಕ್ಟರ ಕೋಣೆಗೆ ಬನ್ನಿ. ಖರೇ ಹೇಳ್ರಿ ಎಂದು ಅವರು ಕೂತಿದ್ದಾರೆ. ನಾನು ಛಾವಣಿಯ ಫ್ಯಾನು ನೋಡುತ್ತಿದ್ದೇನೆ. ಪ್ರಾಣ ಹೋದರೂ ಚಿಂತೆಯಿಲ್ಲ, ಮನೆ ಹೋಗಬಾರದು ಎಂಬ ಸ್ಥಿತಿ.

ಕಾಕಾ ಕೆಮ್ಮಿದರು. “ಡಾಕ್ಟರ್ರ, ಮೀನ ಅಂತ ಬರಕೋರ್ರಿ.”

ನಾನು ಫ್ಯಾನು ಬಿಟ್ಟು ಕಾಕಾನತ್ತ ತಿರುಗಿದೆ.

“ಎರಡ ವರ್ಷದಿಂದ ತಿನ್ನಾಕತ್ತಾರ. ವಾಸನಿ ನೋಡಿ ಮೆಣಸಿನಕಾಯಿ ರೇಟ್ ಹೇಳಿದ ಮೂಗರಿ ಇದು. ಮೆಂತ್ಯಾಸೊಪ್ಪಿಗೆ ಮೋಸ ಹೋಗತೈತೇನು?”

ಡಾಕ್ಟರು ಇಂಜೆಕ್ಷನ್ ಕೊಡುತ್ತಲೇ ಪಾಠ ಮಾಡಿದರು. ಬಂಗಡೆಯಂಥ ಮೀನು ಥಂಡಿಯಲ್ಲಿ ಇರದಿದ್ದರೆ ಅದರೊಳಗೆ ಮೈ ಕೆಂಪೇರಿಸುವ ಹಿಸ್ಟಮಿನ್ ಹುಟ್ಟುತ್ತದಂತೆ. ಆಮೇಲೆ ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. “ಎಲ್ಲೋ ಬಿಸಿಗೆ ಕೂತೈತಿ ಆ ಮೀನ,” ಎಂದರು.

ಎಲ್ಲೋ! ಈ ಶಬ್ದ ಕಿವಿಗೆ ಬಿದ್ದರೆ ನಮಗೆ ಯಾವಾಗಲೂ ಬೇರೆಯವರ ಮನೆಯೇ ಕಾಣುತ್ತದೆ, ಅಲ್ಲವೇ? ನನಗೆ ಕಮಲವ್ವನ ಪೆಟ್ಟಿಗೆ ಕಂಡಿತು.

ದಾರಿಯಲ್ಲಿ ಕೇಳಿದೆ. “ಗೊತ್ತಿದ್ದೂ ಯಾಕ ಸುಮ್ಮನಿದ್ರಿ ಕಾಕಾ?”

“ನೀವು ಹೇಳಿದ್ರ ನಾ ಬ್ಯಾಡ ಅನಬೇಕಾಗತಿತ್ತು. ಬ್ಯಾಡ ಅಂದ್ರ ನೀವು ಮನಿ ಬಿಡತಿದ್ರಿ. ನೀವು ಹೇಳಲಿಲ್ಲ, ನಾ ಕೇಳಲಿಲ್ಲ. ಎಲ್ಲಾರೂ ಆರಾಮ.”

ಇಷ್ಟು ದೊಡ್ಡ ಮನಸ್ಸನ್ನು ಕಣ್ಣಾರೆ ಕಂಡ ಮೇಲೆ ನಾನು ಅದೇ ಸಂಜೆ ಮಾಡಿದ್ದೇನು? ಕಾಲನಿಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: ‘ಎಚ್ಚರ! ಗೋಕುಲ ರಸ್ತೆಯ ಕಮಲವ್ವನ ಬಳಿ ಕೆಟ್ಟ ಮೀನು. ನನಗಾದದ್ದು ನಿಮಗಾಗದಿರಲಿ.’ ಕೆಳಗೆ ಕೆಂಪು ಮುಖದ ಫೋಟೊ. ಬರೆಯುವಾಗ ಸಮಾಜಸೇವೆ ಮಾಡಿದಂತೆ ಹಿತವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಮೆಸೇಜು ಓಡಿತು. ಸೋಮವಾರ ಅದಕ್ಕೆ ಕೆಮಿಕಲ್ ಸೇರಿತು. ಮಂಗಳವಾರ ನಾನು ಐಸಿಯುಗೆ ಸೇರಿದೆ. ಗುರುವಾರ ನಾನು ಪಾಠ ಮಾಡುವ ಧಾರವಾಡದ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಸಹೋದ್ಯೋಗಿಯೊಬ್ಬರು ನನಗೇ ಮೊಬೈಲು ತೋರಿಸಿದರು. “ಪಾಪ ನೋಡ್ರಿ ಸರ, ಹುಬ್ಬಳ್ಳ್ಯಾಗ ಯಾರೋ ಪ್ರೊಫೆಸರ್ ಮೀನ ತಿಂದು ಹೋಗಿಬಿಟ್ಟರಂತ.”

ಶನಿವಾರ ಸುಮಾ ಊರಿನಿಂದ ಬಂದಳು. ಬಸ್ಸಿಳಿದು ಬರುವಾಗಲೇ ಕಮಲವ್ವನ ಹತ್ತಿರ ನಿಂತು ಬಂದಿದ್ದಳು. ಕೈಯಲ್ಲಿ ಚೀಲ. ಮೆಂತ್ಯಸೊಪ್ಪು ಇಲ್ಲ. (ಗುಟ್ಟು ರಟ್ಟಾದದ್ದನ್ನು ಫೋನಿನಲ್ಲೇ ಹೇಳಿದ್ದೆ.) ಐಸಿನ ನೀರು ಅಂಗಳದುದ್ದಕ್ಕೂ ತೊಟ್ಟಿಕ್ಕುತ್ತಿತ್ತು. ಕಾಕಾ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ಅವಳು ಯಾರಿಗೂ ಅಂಜಲಿಲ್ಲ.

“ಆಕಿ ಅಳಾಕತ್ತಿದ್ಲು,” ಎಂದಳು. “ಸೋಮವಾರದಿಂದ ಪೆಟ್ಟಿಗಿ ತುಂಬ ತಂದು ಪೆಟ್ಟಿಗಿ ತುಂಬ ಚೆಲ್ಲಾಕತ್ತಾಳ. ನಾಳೆ ಭಾನುವಾರನೂ ಹಿಂಗs ಆದ್ರ ಮಾಲು ಬ್ಯಾರೆಯವರಿಗೆ ಹಾಕತೇನಿ ಅಂತ ಲಾರಿಯವ ಹೇಳ್ಯಾನ. ಆಕಿ ಪೆಟ್ಟಿಗಿ ಎತ್ತಿದ್ರ ಮನಿ ನಡಸೋರು ಯಾರ್ರಿ? ನೀವೇನು?”

ನಾನು ನನ್ನ ಕೆಂಪು ಮುಖದ ಇತಿಹಾಸ ತೆಗೆದೆ. ಕಾಕಾ ಪೇಪರು ಮಡಚಿದರು.

“ಒಂದ್ನಿಮಿಷ ಮಾಸ್ತರ. ಅವತ್ತು ಅದೇ ಪೆಟ್ಟಿಗಿದು ಮತ್ತ ಯಾರ್ಯಾರು ಒಯ್ದಿದ್ರು?”

“ನಮ್ಮ ಓಣಿ ನರ್ಸಬಾಯಿ ಒಯ್ದಿದ್ರಂತ ಕಾಕಾ, ಆಟೊ ಓಡಸೋರ ಮನಿಯವರೂ ಒಯ್ದಿದ್ರಂತ,” ಎಂದಳು ಸುಮಾ. “ನಾ ಕೇಳಕೊಂಡs ಬಂದೇನಿ. ಯಾರಿಗೂ ಏನೂ ಆಗಿಲ್ಲ.”

ಕಾಕಾ ಕನ್ನಡಕ ತೆಗೆದು ಒರೆಸಿದರು. ಮೆಣಸಿನಕಾಯಿ ಅಡತಿ ಅಂಗಡಿಯ ಗಾದಿಯ ಮೇಲೆ ಕೂತ ಗತ್ತು ಬಂದುಬಿಟ್ಟಿತು.

“ಒಂದ ಲಾಟಿನಾಗ ಒಂದs ಚೀಲ ಕೆಟ್ಟರ ತಪ್ಪು ರೈತಂದಲ್ಲ, ಲಾರಿಯವಂದಲ್ಲ, ದಲಾಲಿದೂ ಅಲ್ಲ. ಆ ಚೀಲ ಒಯ್ದಾಂವಂದು. ಹೇಳ್ರಿ, ಆಕಿ ಕೈಯಿಂದ ನಿಮ್ಮ ಒಲಿಗೆ ಹೋಗೂತನಾ ಮಾಲು ಎಲ್ಲಿತ್ತು?”

“ಡಿಕ್ಕ್ಯಾಗ,” ಎಂದೆ.

“ಎಷ್ಟೊತ್ತು?”

“ಎರಡ ತಾಸು.”

“ಬರ್ಫ?” ಎಂದಳು ಸುಮಾ.

ನಾನು ಅಂಗಳದಲ್ಲಿ ಬಿದ್ದ ಐಸಿನ ನೀರಿನತ್ತ ನೋಡಿದೆ.

ಕಾರವಾರದ ದಂಡೆಯಲ್ಲಿ ಯಾರೋ ಐಸ್ ಹಾಕಿದರು. ಅರಬೈಲು ಘಟ್ಟ ಹತ್ತುವಾಗ ಲಾರಿಯವನು ಐಸ್ ಕಾಪಾಡಿದ. ಬೆಳಗಿನ ಐದಕ್ಕೆ ಎದ್ದು ಕಮಲವ್ವ ಮತ್ತೆ ಐಸ್ ಹಾಕಿದಳು. ಇವರೆಲ್ಲ ಓದಿದವರಲ್ಲ. ಅಷ್ಟು ದೂರ ಕೆಡದೆ ಬಂದ ಮೀನನ್ನು ಗೋಕುಲ ರಸ್ತೆಯಿಂದ ಗೋಪನಕೊಪ್ಪಕ್ಕೆ ಬರುವಷ್ಟರಲ್ಲಿ ಕೆಡಿಸಿದವನು ಎಂ.ಎ., ಪಿಎಚ್‌.ಡಿ.! ನಾವು ಅಂಗಡಿಯವರ ಲೈಸನ್ಸ್ ಕೇಳುತ್ತೇವೆ, ತಕ್ಕಡಿ ನೋಡುತ್ತೇವೆ, ಕಿವಿರು ಎತ್ತಿ ಕೆಂಪಗಿದೆಯೋ ಎಂದು ಪರೀಕ್ಷಿಸುತ್ತೇವೆ. ನಮ್ಮ ಡಿಕ್ಕಿಯನ್ನು ಯಾವ ಇನ್‌ಸ್ಪೆಕ್ಟರು ತೆರೆದು ನೋಡಬೇಕು? ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವ ಜಾತಿ ನಮ್ಮದು. ನನಗೆ ನಿಜಕ್ಕೂ ನಾಚಿಕೆಯಾಯಿತು.

“ಎರಡ ತಾಸು ಕೂಡಿಸಿದಾಂವ ನಾ,” ಎಂದರು ಕಾಕಾ ಮೆಲ್ಲಗೆ. “ಅದರಾಗ ನಂದೂ ಪಾಲೈತಿ.”

ಅಂದೇ ಗ್ರೂಪಿನಲ್ಲಿ ಕ್ಷಮೆ ಕೇಳಿ ಬರೆದೆ. ಆರೋಪ ಕಾಲು ಬಂದು ಊರೆಲ್ಲ ಸುತ್ತಿತ್ತು, ಕ್ಷಮೆ ಕಾಲನಿಯ ಗೇಟೂ ದಾಟಲಿಲ್ಲ. ಬಂದದ್ದು ಎರಡು ಲೈಕು. (ಒಂದು ಸುಮಾಳದು.)

ಭಾನುವಾರ ಬೆಳಿಗ್ಗೆ ಕಮಲವ್ವನ ಮುಂದೆ ಹೋಗಿ ನಿಂತೆ. “ತಪ್ಪಾತವ್ವಾ,” ಎಂದೆ.

ಅವಳು ತಲೆ ಎತ್ತಲಿಲ್ಲ. ತುಂಬಿದ ಪೆಟ್ಟಿಗೆಯ ಮೇಲೆ ಐಸ್ ಸರಿಪಡಿಸುತ್ತಲೇ ಹೇಳಿದಳು. “ಮೀನಿಗೆ ಬರ್ಫ ಹಾಕಿದ್ರ ಒಂದಿನ ತಡೀತೈತ್ರಿ ಸಾಹೇಬ್ರ. ಹೆಸರಿಗೆ ಯಾವ ಬರ್ಫ ಹಾಕಲಿ? ತಪ್ಪಾತು ಅಂತ ನನಗ ಹೇಳಿದ್ರ ಏನ್ ಬಂತು? ಇಲ್ಲೇ ನಿಂದ್ರ್ರಿ. ಬಂದೋರಿಗೆ ಹೇಳ್ರಿ.”

ನಿಂತೆ. ರಸ್ತೆ ಬದಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಹೋಗುವ ಬರುವವರಿಗೆಲ್ಲ “ತಪ್ಪು ನಂದರಿ, ಮೀನಿಂದಲ್ಲ” ಎನ್ನುತ್ತ ನಿಂತೆ. ನನ್ನ ಇಬ್ಬರು ವಿದ್ಯಾರ್ಥಿನಿಯರು ನೋಡಿ ನಕ್ಕು ಹೋದರು. ಒಬ್ಬಾತ ಬೈಕು ನಿಲ್ಲಿಸಿ ನನ್ನನ್ನು ದಿಟ್ಟಿಸಿದ. “ಫೋಟೊದಾಗಿದ್ದ ಸರ್ ನೀವs ಅಲ್ಲೇನ್ರಿ? ಅವತ್ತು ಹಂಗ ಬರದ್ರಿ, ಇವತ್ತು ಹಿಂಗ ಹೇಳತೀರಿ. ಪುಕ್ಕಟ ಸುರಮೈ ಗಿರಮೈ ಕೊಟ್ಟಾಳೇನು?”

ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಪೆಟ್ಟಿಗೆ ತುಂಬಿದಂತೆಯೇ ಇತ್ತು. ಕಮಲವ್ವ ಲಾರಿಯವನ ಫೋನ್ ಬಂದರೂ ಎತ್ತದೆ ಮಡಿಲಲ್ಲಿಟ್ಟುಕೊಂಡಳು. ನನ್ನ ಮಾತಿಗೆ ಆ ಹೊತ್ತಿನಲ್ಲಿ ಒಂದು ಬಂಗಡೆಯ ಬೆಲೆಯೂ ಇರಲಿಲ್ಲ.

ಆಗ ರಸ್ತೆಯ ಆಚೆಯಿಂದ ಕಾಕಾ ಬಂದರು. ಹಣೆ ತುಂಬ ವಿಭೂತಿ. ಬಿಳಿ ಧೋತರ. ಮೂಗಿಗೆ ಟವೆಲ್ಲು. ಪೆಟ್ಟಿಗೆಯಿಂದ ಹತ್ತು ಮಾರು ದೂರದಲ್ಲಿ ನಿಂತು, ಟವೆಲ್ಲನ್ನು ಅರ್ಧ ಇಳಿಸಿ, ಅಡತಿಯಲ್ಲಿ ಹರಾಜು ಕೂಗುವ ದನಿಯಲ್ಲಿ ಕೂಗಿದರು.

“ತಗೋರ್ರಿ! ಮಾಲು ಖರೇ ಐತಿ! ನಾ ಗ್ಯಾರಂಟಿ!”

ಗೋಕುಲ ರಸ್ತೆ ನಿಂತೇಬಿಟ್ಟಿತು. ವಿಭೂತಿ ಹಚ್ಚಿದವರು ಮೀನಿಗೆ ಗ್ಯಾರಂಟಿ ಕೊಡುವುದನ್ನು ಯಾರು ತಾನೇ ಕಂಡಿದ್ದರು? ಜನ ಸುತ್ತುಗಟ್ಟಿದರು. ಬೈಕಿನವನು ಸ್ಟ್ಯಾಂಡ್ ಹಾಕಿ ಇಳಿದ.

“ಯಜಮಾನ್ರ, ನೀವು ಮೀನ ತಿಂತೀರೇನ್ರಿ?”

ಹನ್ನೊಂದರ ಹೊತ್ತಿಗೆ ಕಮಲವ್ವನ ಪೆಟ್ಟಿಗೆಯಲ್ಲಿ ಐಸಷ್ಟೇ ಉಳಿದಿತ್ತೆಂದರೆ ಅದಕ್ಕೆ ಕಾರಣ ಆತನಿಗೆ ಕಾಕಾ ಕೊಟ್ಟ ಉತ್ತರ.

“ಇಲ್ಲೋ ತಮ್ಮಾ. ತಿನ್ನಾಂವ ಹೇಳಿದ್ದು ಕೇಳಿ ಎಂಟು ದಿನ ಮೋಸ ಹೋದ್ರಿ, ಇವತ್ತೊಂದಿನ ತಿನ್ನದಾಂವ ಹೇಳೋದು ಕೇಳ್ರಿ!”