ಐದು ಅಡಿಯ ಗುರುತು

ಹೊಸ ಗ್ರೀಸಿನ ಡಬ್ಬಿ ಇವತ್ತು ಬೆಳಿಗ್ಗೆ ಬಂತು. ಮುಚ್ಚಳ ತೆಗೆದು ಮೂಸಿದೆ. ಈಗಿನ ಗ್ರೀಸಿಗೆ ವಾಸನೆಯೇ ಇರುವುದಿಲ್ಲ, ಆದರೂ ಮೂಸುತ್ತೇನೆ. ಒಮ್ಮೆ ಒಂದು ಲೆನ್ಸು ಬಿಚ್ಚಿದಾಗ ಒಳಗಿನಿಂದ ಹರಳೆಣ್ಣೆಯ ವಾಸನೆ ಬಂದಿತ್ತು. ಅದನ್ನು ನಾನು ಒರೆಸಿ ಹಾಕಿದ್ದೆ.

ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ, ಚಾಮರಾಜಪೇಟೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಹಳೇ ಕ್ಯಾಮೆರಾ ಲೆನ್ಸು ರಿಪೇರಿ ಮಾಡುತ್ತ ಕೂತವನು. ವಿಡಿಯೋ ನೋಡಿ ಕಲಿತ ವಿದ್ಯೆ. ಗ್ರೀಸು ಬೆರೆಸಲು ಅಡುಗೆಮನೆಯ ಚಮಚ ಎತ್ತಿಕೊಂಡು ಹೋಗಿ ಹೆಂಡತಿಯಿಂದ ಬೈಸಿಕೊಂಡದ್ದೂ ಉಂಟು. ಈ ಕಸುಬಿನಲ್ಲಿ ಗಾಜಿಗಿಂತ ಜಿಡ್ಡು ಮುಖ್ಯ. ಎದುರಿನವರು ಎಷ್ಟು ಅಡಿ ದೂರದಲ್ಲಿದ್ದಾರೋ ಆ ಗುರುತಿಗೆ ತಿರುಗಿಸುವ ಫೋಕಸ್ ರಿಂಗಿನ ಒಳಗೆ ತೆಳು ಗ್ರೀಸು ಹಾಕಿದರೆ ಅದು ತಾನೇ ಜಾರುತ್ತದೆ, ಗಟ್ಟಿಯದು ಹಾಕಿದರೆ ತಿರುಗಿಸುವವನ ಮಣಿಕಟ್ಟು ನೋಯುತ್ತದೆ. ಇಷ್ಟು ತಿಳಿದದ್ದೇ ತಡ, ನಾನು ಪಂಡಿತನಾದೆ. ಅಲ್ಪವಿದ್ಯಾ ಮಹಾಗರ್ವಿ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೂರು ವರ್ಷದ ಹಿಂದೆ ಶಾರದಮ್ಮ ಅನ್ನುವವರು ಒಂದು ಲೆನ್ಸನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಂದರು. ಅವರ ಯಜಮಾನರು ನಮ್ಮಿಂದ ಎರಡು ರಸ್ತೆ ಆಚೆ ಸಣ್ಣ ಸ್ಟುಡಿಯೋ ಇಟ್ಟಿದ್ದವರು. ತೀರಿಕೊಂಡು ಆರು ತಿಂಗಳಾಗಿತ್ತು. ನೆಲಕ್ಕೆ ಮೊಳೆ ಹೊಡೆದ ಒಂದು ಸ್ಟೂಲು, ಅದರಿಂದ ಐದು ಅಡಿ ದೂರಕ್ಕೆ ಕ್ಯಾಮೆರಾ. ಪೇಟೆಯ ಅರ್ಧ ಜನ ಆ ಸ್ಟೂಲಿನ ಮೇಲೆ ಕೂತು ಅವರಿಂದ "ಗದ್ದ ಸ್ವಲ್ಪ ಮೇಲೆ" ಅನ್ನಿಸಿಕೊಂಡವರು. ಬ್ಯಾಂಕಿನ ಅರ್ಜಿಗೆ ಫೋಟೋ ಬೇಕಾದಾಗ ನಾನೂ ಅನ್ನಿಸಿಕೊಂಡಿದ್ದೆ. ನಲವತ್ತು ವರ್ಷ ಅದೇ ದೂರ. ಸುತ್ತಲಿನ ಜಿಡ್ಡು ಒಣಗಿ, ರಿಂಗನ್ನು ಎಲ್ಲಿಂದ ತಿರುಗಿಸಿದರೂ ಐದು ಅಡಿಯ ಗುರುತಿಗೆ ಬಂದು ಕೂತುಬಿಡುತ್ತಿತ್ತು.

"ಗಾಜಿನ ಫಂಗಸ್ ಒಂದ್ ತೆಗೀರಿ ಸಾಕು. ಅವ್ರು ನಿಲ್ಲಿಸ್ತಿದ್ದ ಜಾಗ ಹಂಗೇ ಇರ್ಲಿ," ಅಂದರು. ದಿನಾ ಸಂಜೆ ಅದನ್ನು ತಿರುಗಿಸುತ್ತಾರಂತೆ. ಅಲ್ಲಿಗೆ ಬಂದು ನಿಂತಾಗ ಯಜಮಾನರ ಕೈ ಹಿಡಿದ ಹಾಗಿರುತ್ತದಂತೆ.

ಹೂಂ ಅಂದೆ. ಆದರೆ ಬಿಚ್ಚಿದ ಮೇಲೆ ಆ ಹಳದಿ ಜಿಡ್ಡು ನೋಡಿ ಕೈ ತಡೆಯಲಿಲ್ಲ. ಯಜಮಾನರೇ ಹರಳೆಣ್ಣೆ ಬೆರೆಸಿದ್ದರೇನೋ. ಪೂರ್ತಿ ತೊಳೆದು ಹೊಸ ತೆಳು ಗ್ರೀಸು ಹಾಕಿದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಯಿತು. ಶಾರದಮ್ಮ ಬಂದು ಒಂದು ಸಲ ತಿರುಗಿಸಿದರು, ಇನ್ನೊಂದು ಸಲ ತಿರುಗಿಸಿದರು. ಎಲ್ಲೂ ನಿಲ್ಲಲಿಲ್ಲ. ಲೆನ್ಸನ್ನು ಮೇಜಿನ ಮೇಲೆ ಬಿಟ್ಟು, ಸೀರೆಯ ತುಂಡನ್ನು ಮಾತ್ರ ಮಡಿಸಿಕೊಂಡು ಹೋದರು. ನನಗಾದ ನಾಚಿಕೆ ಹೇಳತೀರದು.

ಮರುದಿನ ಬೆಳಿಗ್ಗೆ ರಿಂಗು ಐದು ಅಡಿಯಲ್ಲಿತ್ತು. ತೆಳು ಗ್ರೀಸು, ಜಾರಿರಬೇಕು ಅಂದುಕೊಂಡೆ. ಮಧ್ಯಮದ್ದು ಹಾಕಿ ಹತ್ತು ಅಡಿಯಲ್ಲಿ ಬಿಟ್ಟೆ. ಬೆಳಿಗ್ಗೆ ಐದು. ಇದ್ದುದರಲ್ಲಿ ಅತಿ ಗಟ್ಟಿ ಗ್ರೀಸು ಹಾಕಿದೆ, ಹಲ್ಲು ಕಚ್ಚಿ ತಿರುಗಿಸಬೇಕು ಹಾಗೆ. ಬೆಳಿಗ್ಗೆ ಐದು. ಹೆಂಡತಿಯನ್ನು ಕೇಳಿದರೆ, ನಿಮ್ಮ ಜಿಡ್ಡನ್ನು ನಾನ್ಯಾಕೆ ಮುಟ್ಟಲಿ ಅಂದಳು. ಹೆದರಿದೆ, ನಿಜ. ಆದರೆ ಒಳಗೊಳಗೇ ಖುಷಿಯೂ ಆಯಿತು: ನಾನು ಕಳೆದದ್ದು ಮರಳಿತಲ್ಲ. ಶಾರದಮ್ಮನವರಿಗೆ ತಿರುಗಿಸಲು ಕಷ್ಟವಾಗದಿರಲಿ ಅಂತ ಮತ್ತೆ ತೆಳು ಗ್ರೀಸು ಹಾಕಿ, ಅವರನ್ನು ಕರೆಸಿದೆ.

ನಾನು ತಿರುಗಿಸಿದೆ, ರಿಂಗು ಐದಕ್ಕೆ ಬಂದು ಕೂತಿತು. ಅವರ ಕೈಗೆ ಕೊಟ್ಟೆ. ಎಲ್ಲೂ ನಿಲ್ಲದೆ ತಿರುಗುತ್ತಾ ಹೋಯಿತು. ಮತ್ತೆ ನಾನು ಹಿಡಿದೆ, ನಿಂತಿತು.

"ಅವ್ರು ನನ್ ಹತ್ರ ಬರ್ತಿಲ್ಲ. ನಿಮ್ಮಲ್ಲೇ ಇರ್ಲಿ ಬಿಡಿ," ಅಂದರು ಶಾರದಮ್ಮ. ಮೆಟ್ಟಿಲ ಹತ್ತಿರ ಹೋಗಿ ನಿಂತು, "ಸಂಜೆ ಹೊತ್ತು ಒಂದ್ ಸಲ ತಿರುಗಿಸ್ತಿರಿ. ಅವ್ರಿಗೆ ಅಭ್ಯಾಸ ಆಗಿದೆ," ಅಂದರು.

ಅವರು ಹೇಳಿದ ಹಾಗೇ ಮಾಡುತ್ತಿದ್ದೇನೆ. ರಿಂಗು ಬಂದು ನಿಂತಾಗಲೆಲ್ಲ, ಇದು ನನಗೆ ಸಲ್ಲಬೇಕಾದ ಕೈಯಲ್ಲ ಅಂತ ನೋವಾಗುತ್ತದೆ. ಈಗ ಯಾರು ಲೆನ್ಸು ತಂದರೂ ಮೊದಲು ಇದು ಯಾರ ಕೈಯಲ್ಲಿತ್ತು ಅಂತ ಕೇಳುತ್ತೇನೆ. ಗ್ರೀಸಿನ ಮಾತು ಆಮೇಲೆ.

ಆ ಲೆನ್ಸು ಎದುರು ಗೋಡೆಯ ಶೆಲ್ಫಿನ ಮೇಲೆ, ನನ್ನ ಕಡೆಗೆ ಮುಖ ಮಾಡಿಕೊಂಡಿದೆ. ಬೇಕೆಂದೇ ಟೇಪು ಹಿಡಿದು ನನ್ನ ಕುರ್ಚಿಯಿಂದ ಏಳು ಅಡಿ ದೂರ ಇಟ್ಟಿದ್ದೇನೆ. ನಿನ್ನೆ ಸಂಜೆ ರಿಂಗು ಎಂದಿನಂತೆ ಐದರಲ್ಲೇ ನಿಂತಿತ್ತು. ಈಗ ಹೊಸ ಡಬ್ಬಿ ಮೂಸಿ, ಎದ್ದು ಹೋಗಿ ನೋಡಿದೆ. ಏಳಕ್ಕೆ ಬಂದಿದೆ.

ವಾಪಸು ಬಂದು ಕುರ್ಚಿಯಲ್ಲಿ ಕೂತೆ. ಯಾರೂ ಹೇಳಲಿಲ್ಲ, ಆದರೂ ಗದ್ದ ಸ್ವಲ್ಪ ಮೇಲೆತ್ತಿದೆ.