ಬೀಗ ಅದೇ, ಕಪಾಟು ಬೇರೆ

ಕಳೆದ ವರ್ಷ ಆಷಾಢ ಏಕಾದಶಿಯ ಹಿಂದಿನ ದಿನ. ಬಸ್ಸುಗಳೆಲ್ಲ ಪಂಢರಪುರದ ಕಡೆ ಹೋಗಿದ್ದರಿಂದ ನಾನೂ ನಮ್ಮ ಕಚೇರಿಯ ಸರ್ ಕೂಡ ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರದವರೆಗೆ ಹೆಚ್ಚುಕಡಿಮೆ ನಿಂತೇ ಹೋದೆವು. ನನ್ನದು ನಾಸಿಕ್‌ನ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಕೆಲಸ. ಅಪ್ಪ ಇಂಡಿ ಕಡೆಯಿಂದ ಗೌಂಡಿ ಕೆಲಸಕ್ಕೆ ಇಲ್ಲಿಗೆ ಬಂದವರು. ನಾನು ಹುಟ್ಟಿದ್ದು ನಾಸಿಕ್‌ನದೇ ಅಂಬಡ್ ಬಡಾವಣೆಯ ಬಾಡಿಗೆ ಖೋಲಿಯಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿಸಿದವಳು ಅವ್ವ.

ನಮ್ಮಲ್ಲಿ ಪ್ರತಿ ಗಿರಾಕಿಯ ವೆಬ್‌ಸೈಟಿಗೂ ಲಾಗಿನ್ ಭಾಗವನ್ನು ಹೊಸದಾಗಿ ಬರೆಯುತ್ತಿದ್ದರು. ಯಾರು ಒಳಗೆ ಬರಬಹುದು, ಬಂದವರು ಏನೇನು ನೋಡಬಹುದು ಅನ್ನುವ ಅದೇ ಕೆಲಸ, ಪ್ರತಿ ಸಲ ಹೊಸ ತಪ್ಪು. ತಲೆಕೆಟ್ಟು, ಎಲ್ಲರಿಗೂ ಆಗುವಂಥ ಒಂದೇ ಲೈಬ್ರರಿ, ಅಂದರೆ ಯಾವ ವೆಬ್‌ಸೈಟಿಗೂ ಜೋಡಿಸಬಹುದಾದ ಸಿದ್ಧ ಕೋಡ್, ಬರೆಯಲು ಕುಳಿತೆ. ಬಾಗಿಲು ಕಾಯುವ ನಿಯಮಗಳು ಒಂದು ಕಡೆ. ಹೆಸರು, ಪಾಸ್‌ವರ್ಡ್ ಇಡುವ ಜಾಗ ಇನ್ನೊಂದು ಕಡೆ. ಗಿರಾಕಿ ಮಾಹಿತಿಯನ್ನು ಎಲ್ಲಿ ಬೇಕಾದರೂ ಇಡಲಿ, ಆ ಸಂಗ್ರಹಕ್ಕೆ ಹೊಂದುವ ಒಂದು ಸಣ್ಣ ಜೋಡಣೆ ಬರೆದರೆ ಸಾಕು. ಬೀಗ ಅದೇ, ಕಪಾಟು ಬೇರೆ. "ಇಷ್ಟರಲ್ಲಿ ಎರಡು ವೆಬ್‌ಸೈಟ್ ಮುಗೀತಿದ್ದವು" ಎಂದು ಸರ್ ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾವು ಹೋಗಿದ್ದು ಕಾರ್ಖಾನೆಯಲ್ಲಿ ದುಡಿಯುವ ಹುಡುಗಿಯರ ಒಂದು ಹಾಸ್ಟೆಲ್‌ಗೆ. ಅಲ್ಲಿದ್ದ ಗುಮಾಸ್ತನೊಬ್ಬ ಯಾರದು ಯಾವ ಕೋಣೆ, ಯಾವ ಪಾಳಿ ಎಂದು ಹಾಸ್ಟೆಲಿನ ವೆಬ್‌ಸೈಟಿನಲ್ಲಿ ನೋಡಿಕೊಂಡು ಕಾವೇರಿ ಎಂಬ ಹುಡುಗಿಯನ್ನು ಕಾಡುತ್ತಿದ್ದ. ಪೊಲೀಸರಿಗೆ ದೂರು ಹೋಯಿತು, ಅವನ ಕೆಲಸವೂ ಹೋಯಿತು. ಆದರೆ ಅವನ ಮೊಬೈಲಿನಲ್ಲಿ ಆ ವೆಬ್‌ಸೈಟ್ ತೆರೆದೇ ಇತ್ತು. ಅವಳ ಪಾಳಿ ಬದಲಾದರೂ ಸರಿಯಾದ ಹೊತ್ತಿಗೆ ರಸ್ತೆಯಲ್ಲಿ ನಿಂತಿರುತ್ತಿದ್ದ. ಅದಕ್ಕೇ ವಾರ್ಡನ್ ಶೀಲಾತಾಯಿ ನಮ್ಮಿಂದ ಹೊಸ ವೆಬ್‌ಸೈಟ್ ಮಾಡಿಸಿದ್ದರು. ಹುಡುಗಿಯರ ಮಾಹಿತಿ ಹಾಸ್ಟೆಲಿನ ಕಂಪ್ಯೂಟರಿನಲ್ಲೇ ಇರಬೇಕು ಅನ್ನುವುದು ಅವರ ಹಠ.

ಆ ದಿನ ಕಾವೇರಿಯ ತಾಯಿಯೂ ಬಂದಿದ್ದರು. ಸಿಂದಗಿ ಕಡೆಯವರು, ಕಟ್ಟಡ ಕೆಲಸ. "ಹುಡುಗೀನ್ನ ಕರಕೊಂಡು ಹೊಂಟೀನ್ರಿ. ನೌಕರಿ ಹೋದ್ರ ಹೋಗ್ಲಿ," ಅಂದರು. ಕಾವೇರಿ ಅಳುತ್ತ, ಹೋಗುವುದಿಲ್ಲ ಎಂದು ಮರಾಠಿಯಲ್ಲಿ ವಾದಿಸುತ್ತಿದ್ದಳು. ಇವರು ಮಾಡಿದ್ದನ್ನು ನೋಡಿ ಆಮೇಲೆ ತೀರ್ಮಾನಿಸಿ ಎಂದು ಶೀಲಾತಾಯಿ ಇಬ್ಬರನ್ನೂ ಕೂರಿಸಿದರು.

ಯಾವ ಹೊಸ ಸಂಗ್ರಹ ಜೋಡಿಸಿದರೂ ನಾನು ತಪ್ಪದೆ ಒಂದು ಪರೀಕ್ಷೆ ಮಾಡುತ್ತೇನೆ, ಕಚೇರಿಯಲ್ಲಿ ಒಮ್ಮೆ, ಗಿರಾಕಿಯ ಜಾಗದಲ್ಲಿ ಇನ್ನೊಮ್ಮೆ. ಒಬ್ಬರನ್ನು ಒಳಗೆ ಬಿಡುವುದು, ಒಳಗಿರುವಾಗಲೇ ಅವರ ಹೆಸರು ತೆಗೆಯುವುದು, ಮತ್ತೆ ಒಳಗಿನ ಮಾಹಿತಿ ಕೇಳುವುದು. ಪರೀಕ್ಷೆಗೆಂದೇ ಆ ಗುಮಾಸ್ತನ ಹೆಸರನ್ನು ಹೊಸ ವೆಬ್‌ಸೈಟಿಗೆ ಹಾಕಿ, ಹಾಸ್ಟೆಲಿನ ಮೊಬೈಲಿನಲ್ಲಿ ಅದೇ ಹೆಸರಿನಲ್ಲಿ ಲಾಗಿನ್ ಆದೆ. ಶೀಲಾತಾಯಿ ಕಂಪ್ಯೂಟರಿನಲ್ಲಿ ಅವನ ಹೆಸರು ತೆಗೆದರು. ನಾನು ಮೊಬೈಲಿನಲ್ಲಿ ಕೋಣೆಗಳ ಪುಟ ಒತ್ತಿದೆ. ಪುಟ ಬಂದೇಬಿಟ್ಟಿತು, ಕಾವೇರಿಯ ಹೆಸರಿನ ಸಮೇತ.

ಅವಳ ತಾಯಿ ಎದ್ದು ನಿಂತರು. "ಕಚೇರಿಯಲ್ಲಿ ಪಾಸ್ ಆಗಿತ್ತಲ್ಲ! ಆಧೀ ಚಾಲೂ ಕರೂ, ನಂತರ್ ಬಘೂ," ಮೊದಲು ಚಾಲು ಮಾಡೋಣ, ಆಮೇಲೆ ನೋಡೋಣ ಎಂದು ಸರ್ ಪಿಸುಗುಟ್ಟಿದರು.

"ಆಗಲ್ಲ ಸರ್. ಇದು ಸರಿಯಾಗೋವರೆಗೆ ಚಾಲು ಮಾಡಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಆಮೇಲೆ ಕಾವೇರಿಯ ತಾಯಿಗೆ, "ಮೌಶಿ, ನಾನೂ ನಿಮ್ಮ ಕಡೆಯಾಕಿನರಿ. ಒಂದ್ ಚಹಾ ಕುಡಿಯೂತನಕ ಕೂಡ್ರಿ," ಅಂದೆ.

"ಚಹಾ ಕುಡದ್ರ ಅಂವಾ ಹೋಗ್ತಾನೇನವ್ವಾ?" ಅಂದರು. ಆದರೂ ಕೂತರು.

ಹುಡುಕಿದರೆ, ಆ ಕಂಪ್ಯೂಟರಿನಲ್ಲಿ ವೇಗಕ್ಕಾಗಿ ಹೆಸರುಗಳ ಒಂದು ನಕಲು ಇಡುವ ಏರ್ಪಾಡಿತ್ತು. ನಮ್ಮ ಕಚೇರಿಯಲ್ಲಿ ಅದಿರಲಿಲ್ಲ. ಅಸಲಿನಿಂದ ಹೆಸರು ಹೋಗಿದ್ದರೂ ನಕಲಿನಲ್ಲಿ ಉಳಿದಿತ್ತು. ಪ್ರತಿ ಸಲವೂ ಅಸಲನ್ನೇ ಕೇಳುವಂತೆ ಆ ಸಣ್ಣ ಜೋಡಣೆಯನ್ನು ತಿದ್ದಿದೆ, ಅಷ್ಟೇ. ಬಾಗಿಲು ಕಾಯುವ ನಿಯಮಗಳಲ್ಲಿ ಒಂದಕ್ಷರವನ್ನೂ ಮುಟ್ಟಬೇಕಾಗಲಿಲ್ಲ. ಹಳೆಯ ಪದ್ಧತಿಯಾಗಿದ್ದರೆ ಎಲ್ಲವನ್ನೂ ಬಿಚ್ಚಿಕೊಂಡು ಕೂರಬೇಕಿತ್ತು, ಅಷ್ಟರಲ್ಲಿ ಕಾವೇರಿ ಕೆಲಸ ಬಿಟ್ಟು ಹೋಗಿರುತ್ತಿದ್ದಳು.

ಮತ್ತೆ ಅವನ ಹೆಸರು ಹಾಕಿ, ಲಾಗಿನ್ ಆಗಿ, ತೆಗೆದೆವು. ಈ ಸಲ ಮೊಬೈಲನ್ನು ಕಾವೇರಿಯ ಕೈಗೇ ಕೊಟ್ಟೆ. ಅವಳು ಒತ್ತಿದಳು. ನಿಮಗೆ ಪ್ರವೇಶವಿಲ್ಲ ಎಂದು ಬಂತು. ನಂಬದೆ ಮತ್ತೆ ಒತ್ತಿದಳು. ಮೊಬೈಲ್ ಬಂದ್ ಮಾಡಿ, ಚಾಲು ಮಾಡಿ ಒತ್ತಿದಳು. ಆಮೇಲೆ ನಕ್ಕಳು. "ಅವ್ವಾ, ಬರಂಗಿಲ್ಲ ಅಂವಾ," ಎಂದು ತಡವರಿಸುವ ಕನ್ನಡದಲ್ಲಿ ಹೇಳಿದಳು.

"ಖರೇನವ್ವಾ?" ಎಂದು ತಾಯಿ ನನ್ನನ್ನು ಕೇಳಿದರು.

"ಖರೇರಿ ಮೌಶಿ. ಈಕೀದು ಯಾವ ಪಾಳಿ ಅನ್ನೂದು ಅವಗ ಇನ್ನ ಗೊತ್ತಾಗಂಗಿಲ್ಲ."

ಹಳೆಯ ವೆಬ್‌ಸೈಟ್ ಬಂದ್ ಮಾಡಿ ಹೊಸದನ್ನು ಚಾಲು ಮಾಡಿದೆ. ಗೇಟಿನಿಂದ ಕಾರ್ಖಾನೆ ಬಸ್ಸಿನವರೆಗೆ ತಾವೇ ಕಾವೇರಿಯ ಜೊತೆಗೆ ಹೋಗುವುದಾಗಿ ಶೀಲಾತಾಯಿ ಹೇಳಿದರು. ಸಂಜೆ ಆ ತಾಯಿ ತಮ್ಮ ಕೆಲಸದ ಜಾಗಕ್ಕೆ ಹೊರಟರು. ಒಬ್ಬರೇ. ಕಾವೇರಿ ಅವರಿಗೆ ಕೈ ಬೀಸಿ, ಪಾಳಿಗೆ ತಡವಾಯಿತೆಂದು ತಯಾರಾಗಲು ಒಳಗೆ ಓಡಿದಳು.

ಆ ಲೈಬ್ರರಿ ಈಗ ನಮ್ಮ ಎಲ್ಲ ಕೆಲಸಗಳಲ್ಲೂ ಇದೆ, ಸಂಗ್ರಹ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಸರ್ ಗಿರಾಕಿಗಳ ಮುಂದೆ "ನಮ್ಮ ಲೈಬ್ರರಿ" ಎಂದು ಜಂಬ ಕೊಚ್ಚಿಕೊಳ್ಳುತ್ತಾರೆ, ಕೊಚ್ಚಿಕೊಳ್ಳಲಿ. ನಾನು ಬರೆದ ಸಾಲುಗಳನ್ನು ನಂಬಿ ಒಬ್ಬ ತಾಯಿ ಮಗಳನ್ನು ಪರವೂರಿನಲ್ಲಿ ಬಿಟ್ಟು ಹೋದರು. ನೆನೆದಾಗಲೆಲ್ಲ ನನ್ನ ಬಗ್ಗೆ ನನಗೇ ಹೆಮ್ಮೆಯಾಗುತ್ತದೆ, ಮುಚ್ಚಿಡುವುದೇಕೆ?