ಅಕ್ಕನ ಕೈಖರ್ಚು

ಮೊನ್ನೆ ಭಾನುವಾರ ಬೀರುವಿನಲ್ಲಿದ್ದ ಸ್ವೆಟರುಗಳನ್ನು ಬಿಸಿಲಿಗೆ ಹಾಕೋಣವೆಂದು ಹೊರಗೆ ತೆಗೆದೆ. ಒಂದರ ಜೇಬಿನಿಂದ ನುಣುಪಾದ ನೋಟೊಂದು ಜಾರಿ ಬಿತ್ತು. ಹತ್ತು ಸಾವಿರದ ನೋಟು! ಕನ್ನಡಕ ಹಾಕಿಕೊಂಡು ನೋಡಿದ ಮೇಲೆ ಅದು ವಿಯೆಟ್ನಾಮಿನದೆಂದು ನೆನಪಾಯಿತು. ನಮ್ಮ ದುಡ್ಡಿನಲ್ಲಿ ಮೂವತ್ತು ಚಿಲ್ಲರೆ ರೂಪಾಯಿ. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಎರಡು ಕಾಫಿ ಕುಡಿದರೆ ಮುಗಿಯಿತು. ಆದರೂ ಆ ನೋಟನ್ನು ಕೈಯಲ್ಲಿ ಹಿಡಿದುಕೊಂಡು, ಒಣಗಿಸಬೇಕಾದ ಸ್ವೆಟರುಗಳನ್ನು ಮರೆತು, ಮೆಟ್ಟಿಲ ಮೇಲೆ ಎಷ್ಟೋ ಹೊತ್ತು ಕೂತುಬಿಟ್ಟೆ.

ನೀವು ಹೊರದೇಶಕ್ಕೆ ಪ್ರವಾಸ ಹೋಗಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗಿದ್ದರೆ ನನ್ನ ಮಾತು ಒಪ್ಪುತ್ತೀರಿ. ವಿಮಾನ, ಹೋಟೆಲು, ವೀಸಾ, ಇವುಗಳ ಖರ್ಚು ಖರ್ಚೇ ಅಲ್ಲ. ಟೂರಿನವರು ಕೇಳಿದಷ್ಟು ಕೊಟ್ಟು ಕಣ್ಣುಮುಚ್ಚಿಕೊಂಡರೆ ಆಯಿತು. ತಲೆನೋವೆಲ್ಲ ಇರುವುದು ಕೈಖರ್ಚಿನಲ್ಲಿ. ಎಷ್ಟು ಒಯ್ಯಬೇಕು, ದಿನಕ್ಕೆ ಎಷ್ಟು ಬಿಚ್ಚಬೇಕು, ಕಾಣದ ಊರಿನಲ್ಲಿ ಯಾವುದು ಆಸೆ, ಯಾವುದು ದುರಾಸೆ? ನಾನು ಗಣಿತದ ಮೇಡಂ. ಮೂವತ್ತು ವರ್ಷದಿಂದ ಮಕ್ಕಳಿಗೆ ಲಾಭ ನಷ್ಟದ ಲೆಕ್ಕ ಹೇಳಿಕೊಟ್ಟವಳು. ಪಟ್ಟಿ ಮಾಡುವುದೆಂದರೆ ನನಗೆ ಹಬ್ಬದ ಅಡುಗೆಯಷ್ಟು ಸಂಭ್ರಮ. ಚೀಟಿಯ ದುಡ್ಡು ಕೈಗೆ ಬಂದ ವರ್ಷ ಅಕ್ಕನನ್ನು ವಿಯೆಟ್ನಾಮಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದಾಗ, ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ಕೈಖರ್ಚಿನ ಪಟ್ಟಿ ಸಿದ್ಧವಾಗಿತ್ತು.

ಅಕ್ಕನ ಹೆಸರು ಮುನಿರತ್ನಮ್ಮ. ನನಗಿಂತ ಎಂಟು ವರ್ಷ ದೊಡ್ಡವಳು, ಆಗ ಅವಳಿಗೆ ಅರವತ್ತೆರಡು. ಮದುವೆಯಾಗಿ ಹೋದದ್ದು ಮೇಲೂರಿಗೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ರೇಷ್ಮೆ ನೂಲು ಬಿಚ್ಚುವ ಶೆಡ್ಡಿಗೆ ಸೇರಿದವಳು. ಕುದಿನೀರಿನಲ್ಲಿ ಬೇಯುವ ಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹುಡುಕುವ ಕೆಲಸ. ಮದುವೆಗೆ ಮುಂಚೆಯೂ ಅದೇ, ಆಮೇಲೂ ಅದೇ. ನನ್ನ ಫೀಸು, ಪುಸ್ತಕ, ಟಿ.ಸಿ.ಎಚ್. ಓದು ಎಲ್ಲವೂ ಬಂದದ್ದು ಆ ಬೆರಳುಗಳಿಂದ. ಪಾಸ್‌ಪೋರ್ಟ್ ಆಫೀಸಿನಲ್ಲಿ ಅವಳ ಬೆರಳಚ್ಚು ಹಿಡಿಯಲಾಗದೆ ಯಂತ್ರ ಮತ್ತೆ ಮತ್ತೆ ಕೂಗಿಕೊಂಡಿತು. ಅಲ್ಲಿದ್ದ ಹುಡುಗಿ, "ಕೈ ಒರೆಸ್ಕೊಳ್ಳಿ ಅಮ್ಮ" ಅಂದಳು. ಅಕ್ಕ ಸೆರಗಿನಲ್ಲಿ ಒರೆಸಿಕೊಂಡು, "ಎಷ್ಟು ಒರೆಸಿದ್ರೂ ಅಷ್ಟೇ ಕಣಮ್ಮ, ಗೆರೆಯೆಲ್ಲ ನೀರಲ್ಲೇ ಹೋಯ್ತು" ಎಂದು ನಕ್ಕಳು.

ಭಾವ ಬರಲಿಲ್ಲ. ಅವರಿಗೆ ವಿಮಾನವೆಂದರೆ ಭಯ. ಅದನ್ನು ಒಪ್ಪಿಕೊಳ್ಳದೆ, "ಹಸೂಗೆ ಹುಲ್ಲು ಹಾಕೋರ್ಯಾರು?" ಅಂದರು. ಹೊರಡುವ ಹಿಂದಿನ ದಿನ ನಾನು ಅಕ್ಕನ ಮುಂದೆ ಕವರು ಇಟ್ಟೆ. ಹದಿನೈದು ಸಾವಿರ ರೂಪಾಯಿಗೆ ಬಂದ ವಿಯೆಟ್ನಾಮಿನ ನೋಟುಗಳು. ಅಲ್ಲಿಯ ಲೆಕ್ಕದಲ್ಲಿ ನಲವತ್ತೈದು ಲಕ್ಷ ಡಾಂಗ್. ದಿನಕ್ಕೆ ಎರಡು ಸಾವಿರ ರೂಪಾಯಿಯಂತೆ ಆರು ದಿನ, ಉಳಿದ ಮೂರು ಸಾವಿರ ಆಪತ್ತಿಗೆ.

"ಇದು ನಿನ್ನ ಕೈಖರ್ಚು. ಒಂದೇ ಒಂದು ಷರತ್ತು. ಇದ್ರಲ್ಲಿ ಭಾವನಿಗೆ, ಮಗಳಿಗೆ, ಮೊಮ್ಮಕ್ಕಳಿಗೆ, ಪಕ್ಕದ್ಮನೆಯೋರಿಗೆ ಏನೂ ತರಂಗಿಲ್ಲ. ಪೂರ್ತಿ ನಿನಗೋಸ್ಕರ ಖರ್ಚಾಗ್ಬೇಕು" ಅಂದೆ.

"ನಂಗೇನ್ ಬೇಕಮ್ಮ ಅಲ್ಲಿ? ಊಟ ಅವ್ರೇ ಹಾಕ್ತಾರೆ, ಮಲಗಕ್ಕೆ ಅವ್ರೇ ಜಾಗ ಕೊಡ್ತಾರೆ."

"ಏನಾದ್ರೂ ಬೇಕು ಅನ್ಸುತ್ತೆ ಬಿಡಕ್ಕ."

"ಅನ್ನಿಸ್ದೇ ಹೋದ್ರೆ?"

ಪಟ್ಟಿಯಲ್ಲಿ ಇದಕ್ಕೆ ಅಂಕಣವಿರಲಿಲ್ಲ.

ಅನ್ನಿಸಲೇ ಇಲ್ಲ. ಮೊದಲ ಎರಡು ದಿನ ದೊಡ್ಡ ನಗರವೊಂದರಲ್ಲಿ ಕಳೆದವು. ನಮ್ಮ ಗುಂಪಿನವರು ಅಂಗಡಿ ಕಂಡಲ್ಲೆಲ್ಲ ಇಳಿದರು. ಚಿಂತಾಮಣಿಯಲ್ಲಿ ಟೊಮ್ಯಾಟೊ ಮಂಡಿ ಇಟ್ಟುಕೊಂಡಿದ್ದ ರೆಡ್ಡಪ್ಪನವರ ಹೆಂಡತಿ ಎರಡೇ ದಿನಕ್ಕೆ ಏಳು ಕೈಚೀಲ ಕೊಂಡರು. ಅಕ್ಕ ಮಾತ್ರ ಬಸ್ಸಿನ ಕಿಟಕಿಯ ಪಕ್ಕ ಕೂತು, ಡಬ್ಬಿಯಲ್ಲಿ ತಂದಿದ್ದ ರಾಗಿ ಹುರಿಹಿಟ್ಟಿಗೆ ಬೆಲ್ಲ ಕಲಸಿಕೊಂಡು ತಿನ್ನುತ್ತ ರಸ್ತೆ ನೋಡುತ್ತಿದ್ದಳು. ಬುದ್ಧನ ದೇವಾಲಯಕ್ಕೆ ಹೋದಾಗ ಮಾತ್ರ ಅವಳ ಮುಖ ಅರಳಿತು. ನಮ್ಮ ಮನೆಯ ನಡುಗೋಡೆಯ ಮೇಲೂ ಬುದ್ಧನ ಪಟವಿದೆ. "ನಮ್ಮನೆಯೋರೇ ಇಲ್ಲೂ ಅವ್ರೆ ನೋಡು" ಎಂದು ಕೈಮುಗಿದಳು. ಹುಂಡಿಗೆ ಹಾಕಿದ್ದು ತನ್ನ ಸೊಂಟದ ಚೀಲದಿಂದ ತೆಗೆದ ನಮ್ಮ ಹತ್ತು ರೂಪಾಯಿಯ ನೋಟು. ನನ್ನ ಕವರಿಗೆ ಕೈಹಾಕಲಿಲ್ಲ.

ನಾನು ಬಲವಂತ ಮಾಡಿ ಒಂದು ಎಳನೀರು ಕುಡಿಸಿದೆ. ಮೂವತ್ತು ಸಾವಿರ ಡಾಂಗ್ ಅಂದಾಗ ಅವಳು ಎಳನೀರನ್ನು ಹಾಗೇ ವಾಪಸು ಚಾಚಿದಳು. "ಮೂವತ್ ಸಾವ್ರಕ್ಕೆ ನಮ್ಮೂರಲ್ಲಿ ಒಳ್ಳೇ ಕರು ಬರುತ್ತೆ ಕಣೇ!" ಅದು ನಮ್ಮ ನೂರು ರೂಪಾಯಿ ಎಂದು ವಿವರಿಸಿದ ಮೇಲೂ ಅವಳ ಕೋಪ ಇಳಿಯಲಿಲ್ಲ. ರೆಡ್ಡಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏಮಮ್ಮಾ, ಅಷ್ಟೂ ದುಡ್ಡು ಹಂಗೇ ಎತ್ಕೊಂಡೋಗಿ ಬ್ಯಾಂಕಲ್ಲಿ ಇಕ್ತೀಯಾ ಏಮಿ?"

ನನಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟು ಬಂದಿತ್ತು. ಅಕ್ಕನಿಗೆ ಏನೋ ಕೊಟ್ಟೆನೆಂಬ ಹೆಮ್ಮೆಯಲ್ಲಿ ನಾನಿದ್ದೆ, ಅವಳು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಕೊಡುವವರ ಅಹಂಕಾರ ಎಂಥದೆಂದು ಆಮೇಲೆ ಯೋಚಿಸಿದ್ದೇನೆ. ಆವತ್ತು ಮಾತ್ರ ಮೂತಿ ಉಬ್ಬಿಸಿಕೊಂಡೇ ಮಲಗಿದೆ.

ಮೂರನೆಯ ದಿನ ಹೊಯಿ ಆನ್ ಎಂಬ ಹಳೆಯ ಊರಿಗೆ ಬಂದೆವು. ಹಳದಿ ಗೋಡೆಯ ಮನೆಗಳು, ಬಣ್ಣಬಣ್ಣದ ಬಟ್ಟೆಯ ದೀಪಗಳು, ಕಿರಿದಾದ ಬೀದಿಗಳು. ಬೀದಿಯ ತುಂಬ ಸೈಕಲ್ಲು. ಹೋಟೆಲಿನ ಮುಂದೆ ನಿಂತಿದ್ದಾಗ ಬಿದಿರು ಟೋಪಿಯ ಹೆಂಗಸೊಬ್ಬಳು ಸೊಪ್ಪಿನ ಕಟ್ಟುಗಳನ್ನು ಹೇರಿಕೊಂಡು ನಮ್ಮ ಮುಂದೆಯೇ ಸೈಕಲ್ ತುಳಿಯುತ್ತ ಹೋದಳು. ಅಕ್ಕ ತಿರುವಿನವರೆಗೂ ಅವಳನ್ನೇ ನೋಡಿದಳು.

"ಅವ್ಳಿಗೂ ನನ್ನಷ್ಟೇ ವಯಸ್ಸಾಗಿರ್ಬೇಕು, ಅಲ್ವಾ?"

"ಇನ್ನೂ ಜಾಸ್ತಿನೇ ಇರ್ಬೇಕು."

ಅಕ್ಕ ಎದುರಿನ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದ್ದ ಬಾಡಿಗೆ ಸೈಕಲ್ಲುಗಳನ್ನು ತೋರಿಸಿದಳು. "ಅದಕ್ಕೆ ಬಾಡ್ಗೆ ಎಷ್ಟಂತೆ ಕೇಳು."

ಕೇಳಿ ಬಂದೆ. ದಿನಕ್ಕೆ ಮೂವತ್ತು ಸಾವಿರ. ಎಳನೀರಿನ ಬೆಲೆಯೇ. ಅವಳು ಬೈಯುತ್ತಾಳೆಂದುಕೊಂಡೆ. "ಎಳ್ನೀರು ಕುಡಿದ ಗಳಿಗೆಗೇ ಮುಗೀತು. ಇದು ಸಾಯಂಕಾಲದ ತನಕ ಇರುತ್ತೆ" ಎಂದು ಸೊಂಟದ ಚೀಲದಿಂದ ನನ್ನ ಕವರು ತೆಗೆದಳು. ನಾನು ಸುತ್ತಾಡಿಕೊಂಡು ಬರಲೆಂದು ಅವಳ ಆಸೆಯಿರಬೇಕು ಅಂದುಕೊಂಡು, "ನಂಗೆ ಬೇಡಕ್ಕ, ಮಂಡಿನೋವು" ಅಂದೆ.

"ನಿಂಗ್ಯಾರು ಕೊಡ್ತಾರೆ? ನಂಗೆ."

ಇಲ್ಲೊಂದು ಹಳೆಯ ಮಾತು ಹೇಳಬೇಕು. ನಾನು ಎಂಟನೇ ಕ್ಲಾಸಿಗೆ ಸೇರಿದಾಗ ಹೈಸ್ಕೂಲು ದೂರವೆಂದು ಅಕ್ಕ ತನ್ನ ಕೂಲಿಯಲ್ಲಿ ನನಗೊಂದು ಹಳೆಯ ಸೈಕಲ್ ಕೊಡಿಸಿದ್ದಳು. ನಮ್ಮ ಬೀದಿಯಲ್ಲಿ ಸೈಕಲ್ ಹತ್ತಿದ ಮೊದಲ ಹುಡುಗಿ ನಾನೇ. ಕಲಿತ ಹೊಸದರಲ್ಲಿ, "ನೀನೂ ಕಲ್ತ್ಕೋ ಅಕ್ಕ" ಅಂದಿದ್ದೆ. "ನಂಗ್ಯಾಕೆ ಬಿಡೇ" ಅಂದಿದ್ದಳು. ನಾನು ಒಂದು ಸಲ ಕೇಳಿದೆ. ಎರಡನೆಯ ಸಲ ಕೇಳಲಿಲ್ಲ.

ಸೀರೆಯುಟ್ಟು ಸೈಕಲ್ ಕಲಿಯುವುದು ಆಗದ ಮಾತು. ಅಕ್ಕ ಸಂತೆಗೆ ಹೋಗಿ, ಆನೆಗಳ ಚಿತ್ರವಿದ್ದ ಸಡಿಲವಾದ ಪ್ಯಾಂಟೊಂದನ್ನು ಬೆರಳುಗಳಲ್ಲೇ ಚೌಕಾಸಿ ಮಾಡಿ ಅರ್ಧ ಬೆಲೆಗೆ ತಂದಳು. ಮೇಲೆ ನನ್ನ ಕುರ್ತಾ. ಹೋಟೆಲಿನ ಹಿಂದೆ ಭತ್ತದ ಗದ್ದೆಗಳ ನಡುವೆ ಸಿಮೆಂಟಿನ ಸಣ್ಣ ದಾರಿಯಿತ್ತು. ನಾನು ಸೀಟು ಹಿಡಿದುಕೊಂಡೆ. "ಮುಂದೆ ನೋಡು, ತುಳಿ, ತುಳಿ" ಎಂದು ತರಗತಿಯಲ್ಲಿ ಕೂಗುವಂತೆಯೇ ಕೂಗಿದೆ. ಅವಳು ನಾಲ್ಕು ಮಾರು ಹೋಗುವಷ್ಟರಲ್ಲಿ ವಾಲುತ್ತಿದ್ದಳು. ಮೊದಲ ದಿನ ಇಷ್ಟೇ ಆಯಿತು.

ಎರಡನೆಯ ದಿನ ಬಿದ್ದಳು. ಮಂಡಿ ತರಚಿತು, ಮೊಣಕೈಯಲ್ಲಿ ರಕ್ತ ಬಂತು. ಆಪತ್ತಿನ ದುಡ್ಡು ತೆಗೆದುಕೊಂಡು ಔಷಧಿ ಅಂಗಡಿಗೆ ಓಡಿದೆ. ಮುಲಾಮು ಹಚ್ಚುತ್ತ ಬಾಯಿಗೆ ಬಂದದ್ದೆಲ್ಲ ಅಂದೆ. "ಸಾಕು ಇದು. ಮೂಳೆ ಮುರಿದ್ರೆ ಈ ದೇಶದಲ್ಲಿ ಯಾರತ್ರ ಹೋಗಣ? ಭಾವನಿಗೆ ನಾನೇನು ಹೇಳ್ಲಿ? ನಿನ್ ವಯಸ್ಸಿಗೆ ಇದೆಲ್ಲ ಯಾಕೆ ಬೇಕು ಹೇಳು!"

ಅಕ್ಕ ಗದ್ದೆಯ ಬದುವಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ದನಿ ಏರಿಸಲಿಲ್ಲ.

"ನಂಗೆ ಹನ್ನೊಂದೋ ಹನ್ನೆರಡೋ ಇರ್ಬೇಕು. ಶೆಡ್ಡಿನ ಮುಂದೆ ಮಾಲೀಕ್ರು ಸೈಕಲ್ ನಿಲ್ಸಿರೋರು. ಎಲ್ರೂ ಊಟಕ್ಕೆ ಕೂತಾಗ ನಾನು ಹೋಗಿ ಸುಮ್ನೆ ಪೆಡಲ್ ತಿರುಗಿಸ್ದೆ. ಕೈಯಲ್ಲಿ, ಅಷ್ಟೇ. ಚಕ್ರ ಗಿರ್ರನೆ ತಿರುಗ್ತು. ಎಷ್ಟ್ ಚೆನ್ನಾಗಿತ್ತು ಗೊತ್ತಾ? ಅವ್ರು ನೋಡ್ಬಿಟ್ರು. ಹೊಡೀಲಿಲ್ಲ, ಬೈಲಿಲ್ಲ. ಒಂದು ಬಕೆಟ್ ನೀರು ತರ್ಸಿ ಸೈಕಲ್ ತೊಳಿಸಿದ್ರು. ನನ್ ಕೈಲಲ್ಲ, ಬೇರೆಯವ್ರ ಕೈಲಿ. ನನ್ನ ಅಲ್ಲೇ ನಿಲ್ಸಿ."

ನಮ್ಮ ಬೀದಿಯವರು ಆ ಕಾಲದಲ್ಲಿ ಕಂಡದ್ದು, ಕೇಳಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇದನ್ನು ಅವಳು ಯಾವತ್ತೂ ಹೇಳಿರಲಿಲ್ಲ. ಮುಲಾಮಿನ ಬೆರಳು ಅವಳ ಮಂಡಿಯ ಮೇಲೆ ಹಾಗೇ ನಿಂತಿತು.

"ಯಾಕಕ್ಕ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ನೀನು ಸೈಕಲ್ ಹತ್ತುತಿದ್ಯಾ?"

ನಾನು ಮುಲಾಮಿನ ಮುಚ್ಚಳ ತಿರುಗಿಸಿ ಹಾಕಿದೆ. ಅವಳೇ ಮುಂದುವರಿಸಿದಳು. "ಊರಲ್ಲಿ ಬಿದ್ದಿದ್ರೆ ನಗೋರು. ಇಲ್ಲಿ ನನ್ನ ಗುರುತಿರೋರು ಯಾರವ್ರೆ? ನೀನೊಬ್ಳು. ನೀನು ನಗಂಗಿದ್ರೆ ನಕ್ಕೋ."

ನಾನು ನಗಲಿಲ್ಲ, ಅತ್ತೆ. ಅವಳು, "ಅಯ್ಯ, ಬಿದ್ದೋಳು ನಾನು, ಅಳೋಳು ಇವ್ಳು" ಎಂದು ನನ್ನ ತೋಳು ಹಿಡಿದುಕೊಂಡು ಎದ್ದಳು.

ಕೊನೆಗೆ ಅವಳಿಗೆ ಕಲಿಸಿದ್ದು ನಾನಲ್ಲ. ಹೆಮ್ಮೆಯ ಲೇಖನದಲ್ಲಿ ಈ ಅವಮಾನವನ್ನೂ ಬರೆಯಬೇಕು. ಮಾರನೆಯ ಬೆಳಿಗ್ಗೆ ಸೈಕಲ್ ಅಂಗಡಿಯ ಒಡತಿ, ಸದಾ ನಗುವ ದಪ್ಪನೆಯ ಹೆಂಗಸು, ಅಕ್ಕನ ಮಂಡಿಯ ಪಟ್ಟಿ ನೋಡಿ ನಾಲಿಗೆ ಲೊಚಗುಟ್ಟಿದಳು. ಸೀಟನ್ನು ಪೂರ್ತಿ ಕೆಳಗಿಳಿಸಿದಳು. ಪೆಡಲು ಮುಟ್ಟಬೇಡವೆಂದು ಸನ್ನೆ ಮಾಡಿ, ಎರಡೂ ಕಾಲಲ್ಲಿ ನೆಲ ಒದ್ದುಕೊಂಡು ಹೋಗಲು ತಾನೇ ಮಾಡಿ ತೋರಿಸಿದಳು. ನನ್ನನ್ನು ದೂರ ಹೋಗಿ ನಿಲ್ಲುವಂತೆ ಕೈಬೀಸಿದಳು. ಮೂವತ್ತು ವರ್ಷ ಪಾಠ ಹೇಳಿದವಳು ಗದ್ದೆಯ ಅಂಚಿನಲ್ಲಿ ಶಿಕ್ಷೆಗೊಳಗಾದ ಹುಡುಗಿಯಂತೆ ನಿಂತೆ. ಅಕ್ಕ ಒಂದಿಷ್ಟು ದೂರ ನೆಲ ಒದ್ದಳು, ಇನ್ನಷ್ಟು ದೂರ ಕಾಲೆತ್ತಿ ತೇಲಿದಳು. ಅರ್ಧ ಗಂಟೆಯಾಗಿರಬೇಕು. ಅವಳ ಎರಡೂ ಕಾಲು ಪೆಡಲಿನ ಮೇಲಿದ್ದವು, ಚಕ್ರ ತಿರುಗುತ್ತಿತ್ತು, ಪ್ಯಾಂಟಿನ ಆನೆಗಳೆಲ್ಲ ಮೇಲೆ ಕೆಳಗೆ ಕುಣಿಯುತ್ತಿದ್ದವು.

ಆವತ್ತು ನಮ್ಮ ಗುಂಪು ಬೆಟ್ಟದ ಮೇಲಿನ ಸೇತುವೆ ನೋಡಲು ಹೊರಟಿತ್ತು. ಟಿಕೆಟ್ಟಿಗೆ ಮೊದಲೇ ದುಡ್ಡು ಕಟ್ಟಿದ್ದೆ, ವಾಪಸು ಬರುವಂತಿರಲಿಲ್ಲ. ಅಕ್ಕ ಬರುವುದಿಲ್ಲ ಅಂದಳು. ನಾನೂ ಉಳಿದೆ. ದಂಡವಾದ ಆ ಟಿಕೆಟ್ಟುಗಳಿಗಾಗಿ ನನ್ನೊಳಗಿನ ಗಣಿತದ ಮೇಡಂ ಒಂದು ನಿಟ್ಟುಸಿರೂ ಬಿಡಲಿಲ್ಲ. ಬಸ್ಸು ಮೆಲ್ಲಗೆ ತಿರುವು ದಾಟುವಾಗ ಅಕ್ಕ ಅದರ ಪಕ್ಕದಲ್ಲೇ ತುಳಿಯುತ್ತ ಹೋಗುತ್ತಿದ್ದಳು. ರೆಡ್ಡಪ್ಪನವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಅಬ್ಬಬ್ಬಾ! ಶಹಬ್ಬಾಸ್ ಮುನಿರತ್ನಮ್ಮಾ! ಅಷ್ಟೇ, ಅಷ್ಟೇ, ಬಿಡ್ಬೇಡ!" ಎಂದು ಕೂಗಿದರು. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಅಕ್ಕ ತಿರುಗಿ ನೋಡಲಿಲ್ಲ. ನೋಡಿದರೆ ಬೀಳುತ್ತಿದ್ದಳು.

ವಾಪಸು ಬರುವಾಗ ವಿಮಾನದಲ್ಲಿ ನಾನು ಪಟ್ಟಿ ತೆಗೆದೆ. ಸೈಕಲ್ ಬಾಡಿಗೆ, ಪ್ಯಾಂಟು, ಮುಲಾಮು, ಎಳನೀರು, ಕೊನೆಯ ದಿನ ಅಂಗಡಿಯ ಒಡತಿಗೆ ಕೊಂಡುಕೊಟ್ಟ ಹಣ್ಣುಗಳು, ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೂ ಆಗಿರಲಿಲ್ಲ.

"ಷರತ್ತು ಮುರ್ದೆ ನೀನು. ಹದಿಮೂರು ಸಾವಿರ ಹಂಗೇ ಐತೆ" ಅಂದೆ.

"ನಿನಗೋಸ್ಕರ ಖರ್ಚು ಮಾಡು ಅಂದೆ. ಅಲ್ಲೇ ಮಾಡು ಅಂದ್ಯಾ?"

ಊರಿಗೆ ಬಂದ ವಾರದಲ್ಲೇ ಉಳಿದ ದುಡ್ಡು ರೂಪಾಯಿಯಾಗಿ ಅವಳ ಕೈಸೇರಿತು. ಒಂದು ಬೆಳಿಗ್ಗೆ ಚಿಂತಾಮಣಿಗೆ ಬಂದು ನನ್ನನ್ನು ಸೈಕಲ್ ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯವನು ಗುಲಾಬಿ ಬಣ್ಣದ್ದೊಂದನ್ನು ತೋರಿಸುತ್ತ, "ಮೊಮ್ಮಗಳಿಗಾ ಅಮ್ಮ?" ಅಂದ.

"ನಂಗೇ ಕಣಪ್ಪ. ಆ ನೀಲಿದು ತೆಗಿ. ಸೀಟು ಇಳ್ಸಿ ಕೊಡು."

ಇದೆಲ್ಲ ಆಗಿ ಈಗ ಒಂದೂವರೆ ವರ್ಷ. ಮೊದಮೊದಲು ಬೀದಿಯವರು ನಕ್ಕರಂತೆ. ಕಟ್ಟೆಯ ಮೇಲೆ ಕೂತವರು ಏನೇನೋ ಅಂದರಂತೆ. ಅಕ್ಕನೇ ಫೋನಿನಲ್ಲಿ ಹೇಳಿದಳು, ಮಳೆ ಬಂತು, ಹುಲ್ಲು ಚಿಗುರಿತು ಎಂದು ಹೇಳುವಷ್ಟೇ ಸಲೀಸಾಗಿ. ಗುರುತಿರುವವರ ಮುಂದೆ ಬೀಳಲು ಅವಳಿಗೆ ಈಗ ಭಯವಿಲ್ಲ.

ಮೆಟ್ಟಿಲಿನಿಂದ ಎದ್ದವಳೇ ಸ್ವೆಟರುಗಳನ್ನು ಹಾಗೇ ಬಿಟ್ಟು ಮೇಲೂರಿನ ಬಸ್ಸು ಹಿಡಿದೆ. ಇಳಿದು ಚೀಲ ಸರಿಪಡಿಸಿಕೊಳ್ಳುತ್ತಿದ್ದಾಗ ಡೈರಿಯ ಕಡೆಯಿಂದ ನೀಲಿ ಸೈಕಲ್ಲು ಬಂತು. ಹಿಂದಿನ ಕ್ಯಾರಿಯರಿನಲ್ಲಿ ಖಾಲಿ ಹಾಲಿನ ಕ್ಯಾನು ಕಟ್ಟಿತ್ತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನಾನು ಕೈ ಎತ್ತಿದೆ. ಅಕ್ಕ ನನ್ನನ್ನು ನೋಡಿದಳು, ನಕ್ಕಳು, ನಿಲ್ಲಿಸಲಿಲ್ಲ.

"ಇಳಿದ್ರೆ ಮತ್ತೆ ಹತ್ತೋದು ಕಷ್ಟ ಕಣೇ! ನೀನು ನಡ್ಕೊಂಡ್ ಬಾ!" ಎಂದು ಕೂಗುತ್ತ ಮುಂದಕ್ಕೆ ಹೋಗಿಯೇಬಿಟ್ಟಳು.

ನನ್ನ ಜೊತೆ ಬಸ್ಸಿಳಿದ ಹೆಂಗಸೊಬ್ಬಳು ಅತ್ತಲೇ ನೋಡುತ್ತ, "ಯಾರಮ್ಮ ಅವ್ರು? ನಿಮಗೆ ಗೊತ್ತಾ?" ಎಂದು ಕೇಳಿದಳು.

"ನಮ್ಮಕ್ಕ" ಅಂದೆ. ಅವಳಿಗೆ ಕೇಳಿಸಿತ್ತು. ಆದರೂ ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಿ, ಅಕ್ಕ ಹೋದ ದಾರಿಯಲ್ಲಿ ನಡೆಯತೊಡಗಿದೆ.